ಮೌನವಾದದ್ದೆಲ್ಲ ಸತ್ತದ್ದಲ್ಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಸೀಮೆಯನ್ನು ನೆನೆದರೆ ಎರಡು ಬೆಳೆಗಳು ಕಣ್ಣ ಮುಂದೆ ಬಂದು ನಿಲ್ಲುತ್ತವೆ: ಕಬ್ಬು ಮತ್ತು ತಂಬಾಕು. ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಆಮೇಲೆ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ಸಹಕಾರಿ ಕಾರ್ಖಾನೆಗಳು ಎದ್ದವು. ಹಂಗಾಮು ಬಂತೆಂದರೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳ ಸಾಲು ರಸ್ತೆಯುದ್ದಕ್ಕೂ ನಿಲ್ಲುತ್ತದೆ. ನಿಪ್ಪಾಣಿ ಪೇಟೆಯಲ್ಲಿ ತಂಬಾಕಿನ ವಖಾರಗಳ ಮುಂದೆ ಹಾಯ್ದರೆ ಘಾಟು ಮೂಗಿಗೆ ಅಡರುತ್ತದೆ. ಈ ಎರಡು ಬೆಳೆಗಳಿಗೂ ನಮ್ಮ ತಲೆಬುರುಡೆಯೊಳಗಿನ ಮಿದುಳಿಗೂ ನೇರವಾದ ನಂಟಿದೆ. ಕಬ್ಬಿನ ಸಕ್ಕರೆ ಹೊಟ್ಟೆಯಲ್ಲಿ ಒಡೆದು ಅರ್ಧ ಭಾಗ ಗ್ಲೂಕೋಸ್ ಆಗುತ್ತದೆ. ಮಿದುಳಿನ ದಿನನಿತ್ಯದ ಆಹಾರ ಅದೇ. ತಂಬಾಕಿನೊಳಗಿನ ನಿಕೋಟಿನ್ ಮಿದುಳನ್ನು ಮುಟ್ಟುವ ಅತಿ ಚುರುಕಾದ ದ್ರವ್ಯಗಳಲ್ಲೊಂದು. ಒಂದು ಅದನ್ನು ಸಾಕುತ್ತದೆ, ಇನ್ನೊಂದು ಅದರ ದಿಕ್ಕು ಬದಲಿಸುತ್ತದೆ. ಎರಡೂ ಅಲ್ಲಿಗೆ ಹೋಗುವ ದಾರಿ ಮಾತ್ರ ಒಂದೇ, ನೆತ್ತರಿನ ದಾರಿ.

ಆ ದಾರಿ ಮುಚ್ಚಿದಾಗ ಏನಾಗುತ್ತದೆ, ಮುಚ್ಚಿದ ದಾರಿಯಲ್ಲೇ ಔಷಧ ಹೇಗೆ ಹೋಗುತ್ತದೆ ಎಂಬುದನ್ನು ಯೋಚಿಸುತ್ತ ಹೋದಂತೆ ನನಗೆ ಬೆರಗು ಹೆಚ್ಚುತ್ತಲೇ ಹೋಗಿದೆ. ಲಕ್ವಾ, ಅಂದರೆ ಪಾರ್ಶ್ವವಾಯು, ಎಂಬ ಮಾತು ಕೇಳಿದರೆ ಭಯವಾಗುವುದು ಸಹಜ. ಆದರೆ ಆ ಭಯದ ಹಿಂದೆ ಬದುಕಿನ ಬಗೆಗಿನ ಒಂದು ದೊಡ್ಡ ಸೋಜಿಗವಿದೆ. ಅದನ್ನು ಅರಿತವರು ಭಯಪಟ್ಟು ಕೂರುವುದಿಲ್ಲ, ಎದ್ದು ಓಡುತ್ತಾರೆ.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಹೃದಯ ಹೊರಹಾಕುವ ರಕ್ತದಲ್ಲಿ ಅದಕ್ಕೆ ಸಲ್ಲುವುದು ಸುಮಾರು 15 ಪಾಲು, ನಾವು ಉಸಿರಾಡುವ ಆಮ್ಲಜನಕದಲ್ಲಿ ಸುಮಾರು 20 ಪಾಲು. ನಿಮಿಷಕ್ಕೆ ಮುಕ್ಕಾಲು ಲೀಟರಿನಷ್ಟು ರಕ್ತ ಅದರೊಳಗೆ ಹರಿಯುತ್ತದೆ. ದಿನವೊಂದಕ್ಕೆ 100ರಿಂದ 120 ಗ್ರಾಂ ಗ್ಲೂಕೋಸ್ ಅದಕ್ಕೆ ಬೇಕು. ಇಷ್ಟು ಉಣ್ಣುವ ಅಂಗ ತನಗೆಂದು ಕೂಡಿಟ್ಟುಕೊಳ್ಳುವುದು ಇಲ್ಲವೆನ್ನುವಷ್ಟು ಕಡಿಮೆ. ಯಕೃತ್ತಿನಲ್ಲಿ ದಾಸ್ತಾನಿದೆ, ಸ್ನಾಯುಗಳಲ್ಲಿ ದಾಸ್ತಾನಿದೆ, ಹೊಟ್ಟೆಯ ಸುತ್ತ ಕೊಬ್ಬಿನ ದಾಸ್ತಾನಿದೆ. ಇವನ್ನೆಲ್ಲ ಆಳುವ ಮಿದುಳಿನಲ್ಲಿರುವುದು ಕೆಲವು ನಿಮಿಷಕ್ಕೂ ಸಾಲದಷ್ಟು. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಎಪ್ಪತ್ತು ವರ್ಷದ ನೆನಪು, ಲೆಕ್ಕ, ಮಾತು, ಮಮತೆ, ಹಟ ಇವೆಲ್ಲ ಈಗ ಬರುತ್ತಿರುವ ರಕ್ತ ಮರುಕ್ಷಣವೂ ಬಂದೀತು ಎಂಬ ನಂಬಿಕೆಯ ಮೇಲೆ ನಿಂತಿವೆ.

ಈ ಹರಿವನ್ನು ಮನುಷ್ಯ ಅಳೆದದ್ದೂ ಒಂದು ಸೊಗಸಾದ ಕಥೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸೀಮೋರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ಎಂಬಿಬ್ಬರು, ಹಲ್ಲಿನ ವೈದ್ಯರು ಬಳಸುವ ನಗೆ ಅನಿಲವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಹತ್ತು ನಿಮಿಷ ಉಸಿರಾಡಿಸಿ ನೋಡಿದರು. ಮಿದುಳಿಗೆ ಹೋಗುವ ರಕ್ತದಲ್ಲಿ ಅನಿಲ ಎಷ್ಟಿದೆ, ಕುತ್ತಿಗೆಯ ದೊಡ್ಡ ಸಿರೆಯಲ್ಲಿ ಮರಳಿ ಬರುವ ರಕ್ತದಲ್ಲಿ ಎಷ್ಟಿದೆ ಎಂದು ಮತ್ತೆ ಮತ್ತೆ ತೆಗೆದು ಹೋಲಿಸಿದರು. 1948ರಲ್ಲಿ ಪ್ರಕಟಿಸಿದ ಅವರ ಲೆಕ್ಕದಂತೆ, ಆರೋಗ್ಯವಂತ ಮಿದುಳಿನ ಪ್ರತಿ 100 ಗ್ರಾಂಗೆ ನಿಮಿಷಕ್ಕೆ ಸುಮಾರು 54 ಮಿ.ಲೀ. ರಕ್ತ ಬೇಕು. ಇದೇ ಬಳಗ 1955ರಲ್ಲಿ ಮಂದಿಗೆ ಮನಸ್ಸಿನಲ್ಲೇ ಗಣಿತ ಮಾಡಲು ಹಚ್ಚಿ ಅಳೆಯಿತು, ನಿದ್ದೆಯಲ್ಲಿಯೂ ಅಳೆಯಿತು. ಗಣಿತ ಮಾಡಿದರೂ ಮಿದುಳಿನ ಒಟ್ಟು ಖರ್ಚು ಏರಲಿಲ್ಲ, ನಿದ್ದೆ ಹೋದರೂ ಇಳಿಯಲಿಲ್ಲ. ನಾವು ಮಲಗಿದಾಗ ಮಿದುಳು ಮಲಗುವುದಿಲ್ಲ ಎಂಬುದು ಅಂಕಿಗಳಲ್ಲಿ ಕಂಡದ್ದು ಆಗ.

ಒಟ್ಟು ಲೆಕ್ಕ ಬದಲಾಗದಿದ್ದರೂ ಒಳಗೆ ಹಂಚಿಕೆ ಸದಾ ಬದಲಾಗುತ್ತಿರುತ್ತದೆ. ಮಿದುಳಿನ ಯಾವ ಭಾಗ ಕೆಲಸಕ್ಕೆ ತೊಡಗುತ್ತದೋ ಅಲ್ಲಿಯ ರಕ್ತನಾಳಗಳು ಹಿಗ್ಗಿ ಅಲ್ಲಿಗೇ ಹೆಚ್ಚು ರಕ್ತ ಹರಿಯುತ್ತದೆ ಎಂದು ಇಂಗ್ಲೆಂಡಿನಲ್ಲಿ ರಾಯ್ ಮತ್ತು ಶೆರಿಂಗ್ಟನ್ 1890ರಲ್ಲೇ ಬರೆದಿದ್ದರು. ನೀವು ಈ ಸಾಲನ್ನು ಓದುತ್ತಿರುವಾಗ ತಲೆಯ ಹಿಂಭಾಗದ ನೋಟದ ಪಾಳೆಯಕ್ಕೂ, ಹೆಚ್ಚಿನವರಲ್ಲಿ ಎಡಬದಿಯಲ್ಲಿರುವ ಭಾಷೆಯ ಪಾಳೆಯಕ್ಕೂ ರಕ್ತ ತುಸು ಹೆಚ್ಚು ಹೋಗುತ್ತಿದೆ. ಕೇಳಿದ್ದಕ್ಕಿಂತ ಹೆಚ್ಚೇ ಹೋಗುತ್ತದೆ. 1986ರಲ್ಲಿ ಫಾಕ್ಸ್ ಮತ್ತು ರೇಕಲ್ ಅಳೆದಾಗ, ಕೆಲಸಕ್ಕಿಳಿದ ಭಾಗಕ್ಕೆ ಸಿಗುವ ಆಮ್ಲಜನಕ ಅದು ಬಳಸಿಕೊಳ್ಳುವುದಕ್ಕಿಂತ ಬಹಳ ಹೆಚ್ಚೆಂದು ತಿಳಿಯಿತು. ನಮಗೆ ಅರಿವಿಲ್ಲದೆ, ನಾವು ಕೇಳದೆ, ನಮ್ಮ ಪ್ರತಿಯೊಂದು ಆಲೋಚನೆಗೂ ದೇಹ ಹೀಗೆ ಧಾರಾಳವಾಗಿ ಕೊಡುತ್ತಿದೆ.

ಈಗ ಒಂದು ಮುಂಜಾನೆಯನ್ನು ಊಹಿಸಿಕೊಳ್ಳಿ. ರಾಯಬಾಗದ ಕಡೆಯ ಒಂದು ತೋಟದ ಮನೆ. ಯಜಮಾನರು ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಸುರುವಿಕೊಂಡಿದ್ದಾರೆ. ಬಸಿ ಬಲಗೈಯಿಂದ ಜಾರಿತು. ಬಾಯಿ ಒಂದು ಕಡೆ ಸೊಟ್ಟಗಾಯಿತು. "ಯಾಕ್ರೀ, ಏನಾತು?" ಎಂದು ಮನೆಯಾಕೆ ಕೇಳಿದರೆ ಅವರಿಗೆ ಉತ್ತರ ಗೊತ್ತು, ಬಾಯಿಗೆ ಬರುತ್ತಿಲ್ಲ. ಎದೆಯಿಂದಲೋ ಕುತ್ತಿಗೆಯ ನಾಳದಿಂದಲೋ ಹೊರಟ ಒಂದು ರಕ್ತದ ಗಡ್ಡೆ ಹೋಗಿ ಮಿದುಳಿನ ಎಡಬದಿಯ ನಡುವಣ ಧಮನಿಯಲ್ಲಿ ಸಿಕ್ಕಿಕೊಂಡಿದೆ. ಅಲ್ಲಿಂದಾಚೆಗಿನ ಸೀಮೆಗೆ ಹರಿವು ಕುಸಿದಿದೆ.

ಆ ಕ್ಷಣದಲ್ಲಿ ಒಳಗೆ ನಡೆಯುವುದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ ಸಂಗತಿ. ಹರಿವು 100 ಗ್ರಾಂಗೆ ನಿಮಿಷಕ್ಕೆ 50 ಮಿ.ಲೀ. ಆಸುಪಾಸಿನಿಂದ 20ರ ಸುಮಾರಿಗೆ ಇಳಿದಾಗ ನರಕೋಶಗಳು ಒಂದಕ್ಕೊಂದು ಸಂಜ್ಞೆ ಕಳಿಸುವುದನ್ನು ನಿಲ್ಲಿಸುತ್ತವೆ. ವಿದ್ಯುತ್ತಿನ ಅಲೆ ಅಡಗುತ್ತದೆ. ಹೊರಗಿನಿಂದ ನೋಡಿದವರಿಗೆ ಕೈ ಬಿದ್ದಿದೆ, ಮಾತು ಹೋಗಿದೆ. ಆದರೆ ಕೋಶ ಸತ್ತಿಲ್ಲ. ತನ್ನ ಗೋಡೆಯೊಳಗೆ ಪೊಟ್ಯಾಸಿಯಂ ಉಳಿಸಿಕೊಂಡು ಸೋಡಿಯಂ ಅನ್ನು ಹೊರಗೆ ನೂಕುವ ಕೆಲಸವನ್ನು ಅದು ಮುಂದುವರಿಸುತ್ತಲೇ ಇದೆ. ಮಿದುಳಿನ ಶಕ್ತಿಯಲ್ಲಿ ಸುಮಾರು ಅರ್ಧ, ಅಥವಾ ಅದಕ್ಕೂ ಹೆಚ್ಚು, ಸದಾ ಈ ಒಂದು ಕೆಲಸಕ್ಕೇ ಹೋಗುತ್ತದೆ. ಹರಿವು 10ರ ಸುಮಾರಿಗೆ ಅಥವಾ ಇನ್ನೂ ಕೆಳಗೆ ಇಳಿದಾಗ ಮಾತ್ರ ಅದೂ ನಿಲ್ಲುತ್ತದೆ. ಪೊಟ್ಯಾಸಿಯಂ ಹೊರಗೆ ಸುರಿಯುತ್ತದೆ, ಸೋಡಿಯಂ ಜೊತೆ ನೀರು ಒಳಗೆ ನುಗ್ಗುತ್ತದೆ, ಕೋಶ ಊದಿಕೊಂಡು ಸಾಯುತ್ತದೆ. ಅಂದರೆ ಕಷ್ಟ ಬಂದಾಗ ಕೋಶ ಮೊದಲು ಬಿಟ್ಟುಕೊಡುವುದು ಮಾತನ್ನು, ಕೊನೆಯವರೆಗೆ ಹಿಡಿದುಕೊಳ್ಳುವುದು ಜೀವವನ್ನು.

ಇದು ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿ ಲಿಂಡ್ಸೆ ಸೈಮನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಬಬೂನ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತಿಳಿಯುತ್ತ ಬಂತು. ಸತ್ತ ನಡುಭಾಗದ ಸುತ್ತ, ಸುಮ್ಮನಾಗಿದ್ದರೂ ಜೀವಂತವಾಗಿರುವ ಈ ಸೀಮೆಗೆ ಗ್ರಹಣದ ಅರೆನೆರಳಿನ ಹೆಸರಿಟ್ಟು ಆಸ್ಟ್ರಪ್, ಸೀಶೋ, ಸೈಮನ್ ಮೂವರೂ 1981ರಲ್ಲಿ ಬರೆದ ಲೇಖನ ಪಾರ್ಶ್ವವಾಯುವಿನ ಚಿಕಿತ್ಸೆಯ ದಿಕ್ಕನ್ನೇ ತಿರುಗಿಸಿತು. ಅದಕ್ಕೂ ಮೊದಲು, ಹೋದದ್ದು ಹೋಯಿತು, ಉಳಿದದ್ದನ್ನು ನೋಡಿಕೊಳ್ಳೋಣ ಎಂಬ ಮನೋಭಾವವಿತ್ತು. ಆಮೇಲೆ ಪ್ರಶ್ನೆ ಬದಲಾಯಿತು. ಸುಮ್ಮನಿರುವುದರಲ್ಲಿ ಸತ್ತದ್ದೆಷ್ಟು, ಕಾಯುತ್ತಿರುವುದೆಷ್ಟು? ಎಷ್ಟು ಹೊತ್ತು ಕಾದೀತು?

ಬಹಳ ಹೊತ್ತು ಕಾಯುವುದಿಲ್ಲ. ದೊಡ್ಡ ಧಮನಿ ಮುಚ್ಚಿದ ಪಾರ್ಶ್ವವಾಯುವಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಅಳಿಯುತ್ತವೆ ಎಂದು ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಹರಿವು ಮರಳದಿದ್ದರೆ ಅರೆನೆರಳಿನ ಸೀಮೆಯನ್ನು ನಡುವಣ ಕತ್ತಲೆ ಅಂಗುಲಂಗುಲವಾಗಿ ನುಂಗುತ್ತ ಬರುತ್ತದೆ.

ಇಷ್ಟು ತಿಳಿದ ಮೇಲೆ ಯಾರಿಗಾದರೂ ಹೊಳೆಯುವ ಮೊದಲ ಉಪಾಯ, ರಕ್ತನಾಳ ಹಿಗ್ಗಿಸುವ ಔಷಧ ಕೊಡೋಣ ಎಂಬುದು. ಅಫೀಮಿನ ಗಿಡದಿಂದ ದೊರೆತ ಪಪಾವೆರಿನ್ ಕೊಟ್ಟು ನೋಡಿದರು, ಇಂಗಾಲದ ಡೈಆಕ್ಸೈಡ್ ಉಸಿರಾಡಿಸಿ ನೋಡಿದರು. ಎರಡೂ ಮಿದುಳಿನ ನಾಳಗಳನ್ನು ಚೆನ್ನಾಗಿಯೇ ಹಿಗ್ಗಿಸುತ್ತವೆ. ಆದರೂ ರೋಗಿಗೆ ಗುಣವಾಗಲಿಲ್ಲ. ಏಕೆಂಬುದನ್ನು ನಮ್ಮ ಕಡೆಯ ರೈತರು ಬೇಗ ಹಿಡಿದಾರು. ಕೃಷ್ಣೆಯಿಂದ ಮೋಟರಿಟ್ಟು ಎತ್ತಿದ ನೀರು ಒಂದೇ ಪೈಪಿನಲ್ಲಿ ಹತ್ತು ಹೊಲಗಳಿಗೆ ಹೋಗುತ್ತಿದೆ. ಕಟ್ಟಕಡೆಯ ಹೊಲದವನು ತನ್ನ ವಾಲ್ ಪೂರ್ತಿ ತೆರೆದಿಟ್ಟಿದ್ದಾನೆ, ಆದರೂ ಸಣ್ಣ ಧಾರೆ ಮಾತ್ರ ಬರುತ್ತಿದೆ. ಈಗ ಮೇಲಿನ ಒಂಬತ್ತು ಮಂದಿಯೂ ತಮ್ಮ ವಾಲ್ ತಿರುವಿ ಪೂರ್ತಿ ತೆರೆದರೆ ಆ ಸಣ್ಣ ಧಾರೆಯೂ ನಿಂತುಹೋಗುತ್ತದೆ. ಹಸಿದ ಸೀಮೆಯ ನಾಳಗಳು ಹಸಿವಿನಿಂದ ಹುಟ್ಟಿದ ಆಮ್ಲದಿಂದಾಗಿ ಆಗಲೇ ಹಿಗ್ಗುವಷ್ಟು ಹಿಗ್ಗಿರುತ್ತವೆ. ಔಷಧ ಅವನ್ನು ಇನ್ನೂ ಹಿಗ್ಗಿಸಲಾರದು. ಹಿಗ್ಗುವುದು ಆರೋಗ್ಯವಾಗಿರುವ ಭಾಗದ ನಾಳಗಳು. ಇದ್ದುಳ್ಳವರ ಕಡೆಗೆ ರಕ್ತ ಹರಿದು ಇಲ್ಲದವರ ಪಾಲು ಇನ್ನೂ ಕುಗ್ಗುತ್ತದೆ. ಒಟ್ಟು ಹರಿವನ್ನು ಹೆಚ್ಚಿಸಿದ ಔಷಧ, ಬೇಕಾದ ಜಾಗದಲ್ಲಿ ಹರಿವನ್ನು ಕಡಿಮೆ ಮಾಡಿತು. ಒಳ್ಳೆಯದನ್ನು ಮಾಡುವ ಮನಸ್ಸಿದ್ದರೆ ಸಾಲದು, ಅದು ಯಾರನ್ನು ತಲುಪುತ್ತದೆ ಎಂಬುದನ್ನೂ ನೋಡಬೇಕು ಎಂಬ ಮಾತು ನಮ್ಮ ಧಮನಿಗಳಲ್ಲೇ ಬರೆದಿದೆ.

ರಕ್ತದೊತ್ತಡದ ವಿಷಯವೂ ಹೀಗೆಯೇ. ಡೆನ್ಮಾರ್ಕಿನ ನೀಲ್ಸ್ ಲಾಸೆನ್ 1959ರಲ್ಲಿ ತೋರಿಸಿಕೊಟ್ಟಂತೆ, ಆರೋಗ್ಯವಂತ ಮಿದುಳು ಒತ್ತಡ ಏರಿದರೂ ಇಳಿದರೂ ತನ್ನ ಹರಿವನ್ನು ಬಹುಮಟ್ಟಿಗೆ ಒಂದೇ ಸಮ ಇಟ್ಟುಕೊಳ್ಳುತ್ತದೆ. ಪೆಟ್ಟು ಬಿದ್ದ ಸೀಮೆಗೆ ಈ ಶಕ್ತಿ ಹೋಗಿರುತ್ತದೆ. ಅಲ್ಲಿ ಒತ್ತಡ ಇಳಿದಷ್ಟೂ ಹರಿವು ಇಳಿಯುತ್ತದೆ. ಪಾರ್ಶ್ವವಾಯು ಬಡಿದ ಹೊತ್ತಿನಲ್ಲಿ ಹೆಚ್ಚಿನವರಲ್ಲಿ ದೇಹ ತಾನಾಗಿಯೇ ಒತ್ತಡವನ್ನು ಏರಿಸಿಕೊಂಡಿರುತ್ತದೆ. ಮನೆಯವರ ಕಣ್ಣಿಗೆ ಅದೇ ರೋಗವಾಗಿ ಕಾಣುತ್ತದೆ. ಆ ತೋಟದ ಮನೆಗೆ ಓಡಿಬಂದ ನೆರೆಯವರು ಅಂದಾರು: "ಬಿ.ಪಿ. ಏರೇತಿ, ನಾಲಿಗಿ ಕೆಳಗ ಗುಳಗಿ ಇಡ್ರಿ, ಇಳೀತೈತಿ." ಅವರ ಕಾಳಜಿಯಲ್ಲಿ ಕೊರತೆಯಿಲ್ಲ. ಒಂದು ಕಾಲಕ್ಕೆ ವೈದ್ಯರೂ ನಿಫೆಡಿಪಿನ್ ಮಾತ್ರೆಯನ್ನು ಹಾಗೆಯೇ ನಾಲಿಗೆಯ ಕೆಳಗೆ ಇಡಿಸುತ್ತಿದ್ದರು. ಒತ್ತಡ ಹಠಾತ್ತನೆ ಕುಸಿದು ಮಿದುಳಿಗೂ ಹೃದಯಕ್ಕೂ ಪೆಟ್ಟಾದ ಪ್ರಸಂಗಗಳನ್ನು ಒಟ್ಟುಗೂಡಿಸಿ, ಈ ರೂಢಿಯನ್ನು ನಿಲ್ಲಿಸಬೇಕೆಂಬ ಲೇಖನ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1996ರಲ್ಲಿ ಬಂತು. ಗಡ್ಡೆ ಕರಗಿಸುವ ಔಷಧ ಕೊಡುವುದಿಲ್ಲವಾದರೆ 220/120ರವರೆಗೂ ಒತ್ತಡವನ್ನು ಸಾಮಾನ್ಯವಾಗಿ ಹಾಗೇ ಬಿಡಬಹುದು, ಕೊಡುವುದಿದ್ದರೆ ಮೊದಲು 185/110ಕ್ಕಿಂತ ಕೆಳಗೆ ತರಬೇಕು ಎಂಬುದು ಈಗಿನ ನಿಯಮ. ಈ ತೀರ್ಮಾನ ಮನೆಯಂಗಳದಲ್ಲಿ ಆಗುವಂಥದ್ದಲ್ಲ.

ಅಂದರೆ ಒತ್ತಡದ ಗುಳಿಗೆ ಕೆಟ್ಟದ್ದೇ? ಅಲ್ಲವೇ ಅಲ್ಲ. ಪಾರ್ಶ್ವವಾಯುವನ್ನು ಬರದಂತೆ ತಡೆಯುವುದರಲ್ಲಿ ರಕ್ತದೊತ್ತಡದ ಔಷಧಕ್ಕಿಂತ ದೊಡ್ಡ ಕಾವಲು ಇಲ್ಲ. ಈ ಕಾವಲಿನ ಚರಿತ್ರೆಯಲ್ಲಿ ನಮ್ಮ ಕಾಡಿನ ಸರ್ಪಗಂಧ ಗಿಡಕ್ಕೂ ಜಾಗವಿದೆ. ಈ ಐದೂ ತಾಲೂಕುಗಳ ನೆಲ ಇನ್ನೂ ಮುಂಬೈ ಆಡಳಿತದಲ್ಲಿದ್ದ ಕಾಲದಲ್ಲಿ, 1949ರಲ್ಲಿ, ಮುಂಬೈಯ ವೈದ್ಯ ಡಾ. ರುಸ್ತುಂ ಜಾಲ್ ವಕೀಲ್ ಅವರು ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು ರೋಗಿಗಳಲ್ಲಿ ಪರೀಕ್ಷಿಸಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಜಗತ್ತು ಆ ಬೇರಿನ ಕಡೆ ತಿರುಗಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯವರು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಒತ್ತಡ ಇಳಿಸುವ ಔಷಧ ವರ್ಷಾನುಗಟ್ಟಲೆ ದಿನವೂ ತೆಗೆದುಕೊಂಡಾಗ ಜೀವ ಕಾಯುತ್ತದೆ, ಗಡ್ಡೆ ಸಿಕ್ಕಿಕೊಂಡ ಆ ಒಂದೆರಡು ಗಂಟೆಗಳಲ್ಲಿ ವಿವೇಚನೆಯಿಲ್ಲದೆ ಕೊಟ್ಟಾಗ ಜೀವ ತೆಗೆಯಬಲ್ಲದು. ಅಣು ಅದೇ, ದೇಹ ಅದೇ. ಹೊತ್ತು ಬೇರೆ. ಔಷಧದ ಅರ್ಥವನ್ನು ಹೊತ್ತು ನಿರ್ಧರಿಸುತ್ತದೆ.

ಒಂದು ಅಣುವಿಗೆ ತಾನು ಎಲ್ಲಿ ಕೆಲಸ ಮಾಡಬೇಕೆಂದು ಹೇಗೆ ತಿಳಿಯುತ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕ ದಾರಿ ನಿಪ್ಪಾಣಿಯ ಎಲೆಯೊಳಗಿಂದ ಹಾದುಹೋಗುತ್ತದೆ. ತಂಬಾಕಿನ ಗಿಡ ನಿಕೋಟಿನ್ ತಯಾರಿಸುವುದು ಬೇರಿನಲ್ಲಿ. ಅಲ್ಲಿಂದ ರಸದ ಜೊತೆ ಅದನ್ನು ಎಲೆಗೆ ಏರಿಸುತ್ತದೆ. ಕೀಟಗಳು ತನ್ನನ್ನು ತಿನ್ನದಿರಲೆಂದು ಗಿಡ ಮಾಡಿಕೊಂಡ ವಿಷ ಅದು. ರೈತ ಹೂ ಬರುವ ಹೊತ್ತಿಗೆ ಕುಡಿ ಚಿವುಟುತ್ತಾನೆ. ಗಿಡ ಅದನ್ನು ಗಾಯವೆಂದೇ ತಿಳಿಯುತ್ತದೆ, ಬೇರು ಇನ್ನಷ್ಟು ನಿಕೋಟಿನ್ ಮಾಡಿ ಮೇಲಕ್ಕೆ ಕಳಿಸುತ್ತದೆ, ಎಲೆ ಅಂಟಂಟಾಗಿ ದಪ್ಪಗಾಗುತ್ತದೆ. ಇಬ್ಬನಿ ಬಿದ್ದ ಮುಂಜಾನೆ ಬರಿಗೈಯಲ್ಲಿ ಆ ಹಸಿ ಎಲೆ ಹಿಡಿದವರಿಗೆ ಚರ್ಮದ ಮೂಲಕವೇ ನಿಕೋಟಿನ್ ಒಳಗಿಳಿದು ತಲೆ ಸುತ್ತುತ್ತದೆ, ಓಕರಿಕೆ ಬರುತ್ತದೆ. ಬೀಡಿಯ ಒಂದು ದಮ್ಮಿನಲ್ಲಿ ಅದು ಮಿದುಳಿಗೆ ತಲುಪಲು 10ರಿಂದ 20 ಸೆಕೆಂಡು ಸಾಕು.

ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ಈ ನಿಕೋಟಿನ್ ಹಿಡಿದು ಹಲವು ವರ್ಷ ಕೂತರು. ಅದನ್ನು ನರಗಂಟಿನ ಮೇಲೆ ಸವರಿದರೆ ಸಂಜ್ಞೆ ಕಡಿದುಹೋಗುತ್ತದೆ. ನರವನ್ನು ಕತ್ತರಿಸಿ ಅದು ಸತ್ತ ಮೇಲೂ ಸ್ನಾಯುವಿಗೆ ನಿಕೋಟಿನ್ ಮುಟ್ಟಿಸಿದರೆ ಸ್ನಾಯು ಸೆಟೆಯುತ್ತದೆ. ಹಾಗಾದರೆ ಅದು ಮುಟ್ಟುತ್ತಿರುವುದು ನರವನ್ನಲ್ಲ, ಕೋಶದ ಮೇಲೆಯೇ ಇರುವ, ಬಂದದ್ದನ್ನು ಬರಮಾಡಿಕೊಳ್ಳುವ ಏನೋ ಒಂದನ್ನು. 1905ರಲ್ಲಿ ಲ್ಯಾಂಗ್ಲಿ ಹೀಗೆ ತರ್ಕಿಸಿದರು. ಇಂದು ನಾವು ಗ್ರಾಹಕ ಎಂದು ಕರೆಯುವ ಕಲ್ಪನೆ ಮೊಳೆತ ಮುಖ್ಯ ಜಾಗಗಳಲ್ಲಿ ಇದೂ ಒಂದು. ಇವತ್ತಿನ ಔಷಧಗಳಲ್ಲಿ ಬಹುಪಾಲು ಈ ಕಲ್ಪನೆಯ ನೆಲದ ಮೇಲೆ ನಿಂತಿವೆ. ಔಷಧ ದೇಹದ ಮೇಲೆ ಬಲಾತ್ಕಾರ ಮಾಡುವುದಿಲ್ಲ. ದೇಹದಲ್ಲಿ ಮೊದಲೇ ಒಂದು ಒಪ್ಪಿಗೆಯ ಜಾಗ ಇರುವುದರಿಂದ ಅದು ಕೆಲಸ ಮಾಡುತ್ತದೆ. ನಮ್ಮ ನರಗಳು ತಮ್ಮದೇ ಅಸಿಟೈಲ್‌ಕೋಲಿನ್‌ಗಾಗಿ ಇಟ್ಟುಕೊಂಡ ಜಾಗದಲ್ಲಿ ದೂರದ ಖಂಡದಿಂದ ಬಂದ ಗಿಡವೊಂದರ ವಿಷ ಬಂದು ಕೂರುವುದು ಎಂಥ ವಿಚಿತ್ರ!

ಆ ವಿಚಿತ್ರಕ್ಕೆ ತೆತ್ತ ಬೆಲೆಯನ್ನೂ ಹೇಳಲೇಬೇಕು. ತಂಬಾಕಿನ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆ. ಧಮನಿಯ ಒಳಪದರ ತಾನೇ ಹೊರಸೂಸುವ ನೈಟ್ರಿಕ್ ಆಕ್ಸೈಡ್ ನಾಳವನ್ನು ಮೆತ್ತಗೆ ಇಡುತ್ತದೆ. ಅದನ್ನು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಬಂತು. ಹೊಗೆ ಆ ಪದರವನ್ನೇ ಕೆಡಿಸುತ್ತದೆ, ರಕ್ತ ಬೇಗ ಗಡ್ಡೆಗಟ್ಟುವಂತೆ ಮಾಡುತ್ತದೆ. ಸೇದುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು. ಬಿಟ್ಟರೆ ಕೆಲವೇ ವರ್ಷಗಳಲ್ಲಿ ಅದು ಬಹಳ ಇಳಿಯುತ್ತದೆ. ಇದನ್ನು ಹೇಳುವಾಗ ಬೆಳೆದವರನ್ನೂ ಬೀಡಿ ಕಟ್ಟುವ ತಾಯಂದಿರನ್ನೂ ದೂರುವ ಮನಸ್ಸು ನನಗಿಲ್ಲ. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಗುಂಡು ಹಾರಿತು, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಎಲೆ ಇಲ್ಲಿಯ ಸಾವಿರಾರು ಮನೆಗಳ ಒಲೆ ಉರಿಸಿದೆ. ಅದರ ಧೂಳು ಕುಡಿದವರೂ ಅವರೇ. ಅವರ ಧಮನಿಗಳ ಕಾಳಜಿ ಮಾಡುವುದು ಅವರ ದುಡಿಮೆಗೆ ಗೌರವ ಕೊಡುವುದರ ಒಂದು ಭಾಗ ಎಂದೇ ನಾನು ತಿಳಿದಿದ್ದೇನೆ.

ಮತ್ತೆ ಆ ಮುಂಜಾನೆಗೆ ಬರೋಣ. ರೋಗಿ ಆಸ್ಪತ್ರೆ ಮುಟ್ಟಿದ್ದಾರೆ. ಔಷಧಕ್ಕೆ ಮೊದಲು ಸಿ.ಟಿ. ಸ್ಕ್ಯಾನ್. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ಹೊರಗಿನ ಲಕ್ಷಣ ನೋಡಿ ಹೇಳಲಾಗುವುದಿಲ್ಲ. ಒಡೆದಿದ್ದರೆ ಗಡ್ಡೆ ಕರಗಿಸುವ ಔಷಧ ವಿಷವೇ ಸರಿ. ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದು ಎನ್ನುವುದೂ ಇದಕ್ಕೇ. ರಕ್ತಸ್ರಾವ ಇಲ್ಲವೆಂದು ಖಾತ್ರಿಯಾದ ಮೇಲೆ ಆಲ್ಟಿಪ್ಲೇಸ್ ಎಂಬ ಔಷಧದ ಸೀಸೆ ಬರುತ್ತದೆ. ಒಳಗೆ ಬಿಳಿಯ ಪುಡಿ. 50 ಮಿಲಿಗ್ರಾಂ ಪುಡಿಗೆ 50 ಮಿ.ಲೀ. ಶುದ್ಧ ನೀರು. ನರ್ಸು ಸೀಸೆಯನ್ನು ಕುಲುಕುವುದಿಲ್ಲ, ನೊರೆ ಬಂದೀತು. ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ಸುತ್ತ ತಿರುಗಿಸುತ್ತಾರೆ. 60 ಕಿಲೋ ತೂಕದವರಾದರೆ ಒಟ್ಟು 54 ಮಿಲಿಗ್ರಾಂ. ಅದರಲ್ಲಿ ಹತ್ತನೆಯ ಒಂದು ಪಾಲು, 5.4 ಮಿಲಿಗ್ರಾಂ, ಒಂದು ನಿಮಿಷದಲ್ಲಿ ರಕ್ತನಾಳಕ್ಕೆ. ಉಳಿದದ್ದು ಯಂತ್ರದ ಮೂಲಕ ಒಂದು ಗಂಟೆಯಲ್ಲಿ.

ಈ ಔಷಧವನ್ನು ಮನುಷ್ಯ ಹೊಸದಾಗಿ ಸೃಷ್ಟಿಸಲಿಲ್ಲ. ನಮ್ಮ ನಾಳಗಳ ಒಳಪದರ ಇದನ್ನು ಈ ಕ್ಷಣವೂ ಚೂರುಚೂರು ಹೊರಬಿಡುತ್ತಿದೆ. ಬೆಲ್ಜಿಯಂನ ಡೆಸಿರೆ ಕೊಲೆನ್ ಅವರ ಪ್ರಯೋಗಾಲಯದಲ್ಲಿ ಇದನ್ನು ಶುದ್ಧ ಮಾಡಿದರು, 1980ರ ದಶಕದಲ್ಲಿ ಅಮೆರಿಕದಲ್ಲಿ ಇದರ ಜೀನನ್ನು ಹಿಡಿದು ಹೆಚ್ಚು ಪ್ರಮಾಣದಲ್ಲಿ ತಯಾರಿಸಿದರು. ರಕ್ತದಲ್ಲಿ ತೇಲುವಾಗ ಹೆಚ್ಚು ಕೆಲಸ ಮಾಡದ ಈ ದ್ರವ್ಯ, ಗಡ್ಡೆಯ ಎಳೆಗಳನ್ನು ಮುಟ್ಟಿದಾಗ ನೂರಾರು ಪಟ್ಟು ಚುರುಕಾಗುತ್ತದೆ. ಪಾರ್ಶ್ವವಾಯು ಶುರುವಾದ 3 ಗಂಟೆಯೊಳಗೆ ಕೊಟ್ಟರೆ, ಮೂರು ತಿಂಗಳ ಬಳಿಕ ಹೆಚ್ಚು ಊನವಿಲ್ಲದೆ ಬದುಕುವ ಸಂಭವ ನೂರಕ್ಕೆ ಕನಿಷ್ಠ 30ರಷ್ಟು ಹೆಚ್ಚುತ್ತದೆ ಎಂದು 1995ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. 100ರಲ್ಲಿ ಸುಮಾರು 6 ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವನ್ನೂ ಅದೇ ತೋರಿಸಿತು. 2008ರಲ್ಲಿ ಈ ಅವಧಿ 4.5 ಗಂಟೆಗೆ ವಿಸ್ತರಿಸಿತು. ಈಗ ಒಂದೇ ಸಲಕ್ಕೆ ಚುಚ್ಚಿ ಮುಗಿಸುವ ಟೆನೆಕ್ಟಿಪ್ಲೇಸ್ ಕೂಡ ಬಳಕೆಗೆ ಬಂದಿದೆ.

ಹರಿವೇ ಇಲ್ಲದ ಕಡೆಗೆ ಈ ಔಷಧ ಹೋಗುವುದಾದರೂ ಹೇಗೆ? ಗಡ್ಡೆಯ ಮುಂಭಾಗವನ್ನು ಅದು ನೇರವಾಗಿ ಮುಟ್ಟುತ್ತದೆ. ಹಿಂಭಾಗವನ್ನು ಮುಟ್ಟುವುದು ಅಡ್ಡದಾರಿಗಳಿಂದ. ಮಿದುಳಿನ ತಳದಲ್ಲಿ ನಾಲ್ಕು ದೊಡ್ಡ ಧಮನಿಗಳನ್ನು ಒಂದಕ್ಕೊಂದು ಜೋಡಿಸುವ ಉಂಗುರವಿದೆ. ಥಾಮಸ್ ವಿಲಿಸ್ 1664ರ ತನ್ನ ಗ್ರಂಥದಲ್ಲಿ ಅದನ್ನು ವಿವರಿಸಿದ, ಚಿತ್ರ ಬಿಡಿಸಿದವನು ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್. ಮಿದುಳಿನ ಮೇಲ್ಮೈಯಲ್ಲೂ ಕೂದಲೆಳೆಯಂಥ ಅಡ್ಡನಾಳಗಳಿವೆ. ಒಬ್ಬರಲ್ಲಿ ಅವು ಸಮೃದ್ಧವಾಗಿರುತ್ತವೆ, ಇನ್ನೊಬ್ಬರಲ್ಲಿ ವಿರಳ. ಅರೆನೆರಳಿನ ಸೀಮೆಯನ್ನು ಗಂಟೆಗಟ್ಟಲೆ ಉಳಿಸಿಡುವುದು ಈ ಅಡ್ಡನಾಳಗಳೇ. ತೊಡೆಯ ಧಮನಿಯಿಂದ ತಂತಿ ಏರಿಸಿ ಗಡ್ಡೆಯನ್ನು ಎಳೆದು ತೆಗೆಯುವ ಚಿಕಿತ್ಸೆ 2015ರ ಪ್ರಯೋಗಗಳಿಂದ ಸಾಬೀತಾಯಿತು. ಅರೆನೆರಳಿನ ಸೀಮೆ ಇನ್ನೂ ಉಳಿದಿದ್ದ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಅದರಿಂದ ಲಾಭವಿದೆ ಎಂದು 2018ರಲ್ಲಿ ತಿಳಿಯಿತು.

ಹರಿವು ಮರಳುವವರೆಗೆ ಕೋಶಗಳನ್ನು ಔಷಧದಿಂದ ಕಾಪಾಡಿಡಲು ನಡೆದ ಪ್ರಯತ್ನ ಮಾತ್ರ ಇನ್ನೂ ಕೈಗೂಡಿಲ್ಲ. ಅರ್ಧ ಶತಮಾನದಲ್ಲಿ ಪ್ರಯೋಗಕ್ಕೆ ಬಂದ ಚಿಕಿತ್ಸೆಗಳನ್ನು 2006ರಲ್ಲಿ ಎಣಿಸಿದಾಗ ಸಿಕ್ಕಿದ್ದು 1,026. ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತಿತು. ನಮ್ಮಲ್ಲಿ ಹಲವು ಚೀಟಿಗಳಲ್ಲಿ ಕಾಣುವ ಸಿಟಿಕೋಲಿನ್ ಕೂಡ 2012ರ ದೊಡ್ಡ ಪ್ರಯೋಗದಲ್ಲಿ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ಇನ್ನೊಂದೆಡೆ, ಮಿದುಳನ್ನು ಸುತ್ತುವರಿದ ನಡುವಣ ಪೊರೆಯ ಕೆಳಗೆ ರಕ್ತಸ್ರಾವವಾದವರಿಗೆ 21 ದಿನ ಕೊಡುವ ನಿಮೋಡಿಪಿನ್ ಖಚಿತವಾಗಿ ಉಪಕಾರ ಮಾಡುತ್ತದೆ. ನಾಳ ಹಿಗ್ಗಲೆಂದು ಅದನ್ನು ಕೊಡತೊಡಗಿದರು. ಚಿತ್ರ ತೆಗೆದು ನೋಡಿದರೆ ನಾಳ ಅಷ್ಟೇನೂ ಹಿಗ್ಗಿರುವುದಿಲ್ಲ, ರೋಗಿ ಮಾತ್ರ ಸುಧಾರಿಸಿರುತ್ತಾರೆ. ಮಿದುಳು ನಮ್ಮ ಊಹೆಗೆ ಪೂರ್ತಿ ಸಿಕ್ಕುವುದಿಲ್ಲ.

ಗ್ಲೂಕೋಸಿನ ಮಾತೂ ಹಾಗೆಯೇ. ಹರಿವು ಕುಸಿದಾಗ ಹಸಿದ ಕೋಶಕ್ಕೆ ಸಕ್ಕರೆ ಕೊಟ್ಟರೆ ಒಳ್ಳೆಯದಲ್ಲವೇ ಅನ್ನಿಸುತ್ತದೆ. ಆಮ್ಲಜನಕವಿಲ್ಲದೆ ಸಕ್ಕರೆ ಒಡೆದರೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ರಕ್ತದಲ್ಲಿ ಸಕ್ಕರೆ ವಿಪರೀತ ಇದ್ದವರ ಹಾನಿ ಹೆಚ್ಚೇ ಆಗುತ್ತದೆ. ಸಕ್ಕರೆ ತೀರ ಇಳಿದರೂ ಪಾರ್ಶ್ವವಾಯುವಿನಂಥದೇ ಲಕ್ಷಣ ಕಾಣಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ಮೊದಲು ಅದನ್ನು ನೋಡುತ್ತಾರೆ. ಮನೆಯಲ್ಲಿ ಬಾಯಿಗೆ ಏನನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿರುವಾಗ ಒಂದು ಚಮಚ ನೀರೂ ಶ್ವಾಸಕೋಶಕ್ಕೆ ಇಳಿದೀತು.

ಈ ಸೀಮೆಯವರಿಗೆ ದೊಡ್ಡ ಆಸ್ಪತ್ರೆಯೆಂದರೆ ಬೆಳಗಾವಿ, ಕೊಲ್ಲಾಪುರ ಅಥವಾ ಮಿರಜ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಅಥಣಿ, ಕಾಗವಾಡದ ಕಡೆಯವರ ಕಾಲು ಅತ್ತಲೇ ತಿರುಗಿದೆ. ರಾಜ್ಯದ ಗಡಿ ಧಮನಿಗೆ ಗೊತ್ತಿಲ್ಲ. ಯಾವ ಊರು ಎಂಬುದಕ್ಕಿಂತ, ಯಾವ ಆಸ್ಪತ್ರೆಯಲ್ಲಿ ಹಗಲಿರುಳು ಸಿ.ಟಿ. ಸ್ಕ್ಯಾನ್ ನಡೆಯುತ್ತದೆ, ಗಡ್ಡೆ ಕರಗಿಸುವ ಔಷಧ ಸಿಗುತ್ತದೆ ಎಂಬುದನ್ನು ಪ್ರತಿ ಮನೆಯೂ ಮೊದಲೇ ವಿಚಾರಿಸಿ ಇಟ್ಟುಕೊಳ್ಳಬೇಕು. ಮುಖ ಸೊಟ್ಟಗಾದರೆ, ಎತ್ತಿದ ಎರಡು ಕೈಗಳಲ್ಲಿ ಒಂದು ಕೆಳಗಿಳಿದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಬೇಕು. "ಸ್ವಲ್ಪ ಹೊತ್ತು ಮಲಗಲಿ, ಆರಾಮ ಆಗ್ತಾರ" ಎಂಬ ಮಾತಿಗೂ, ಎಣ್ಣೆ ಉಜ್ಜುವುದಕ್ಕೂ, ನಾಟಿ ಔಷಧ ಹುಡುಕಿ ಹೋಗುವುದಕ್ಕೂ ಆ ನಾಲ್ಕೂವರೆ ಗಂಟೆಯಲ್ಲಿ ಜಾಗವಿಲ್ಲ.

ವೈದ್ಯರು ಕೇಳುವ ಮೊದಲ ಪ್ರಶ್ನೆ ಒಂದೇ: ಇವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ಯಾವ ಔಷಧ, ಕೊಡಬಹುದೋ ಬಾರದೋ, ಎಲ್ಲವೂ ಆ ಉತ್ತರದ ಮೇಲೆ ನಿಲ್ಲುತ್ತದೆ. ರೋಗಿಗೆ ಹೇಳಲು ಬಾಯಿಲ್ಲ. ತಲೆಯೊಳಗೆ ಲಕ್ಷಾಂತರ ಕೋಶಗಳು ಮಾತು ಬಿಟ್ಟು ಜೀವ ಹಿಡಿದು ಕೂತಿವೆ. ಅವುಗಳ ತಾಳ್ಮೆಯನ್ನು ನೆನೆದು ಬೆರಗಾಗುವುದು ದೊಡ್ಡದು, ಆದರೆ ಬೆರಗು ಅಲ್ಲಿಗೇ ನಿಂತರೆ ಅವುಗಳಿಗೆ ಪ್ರಯೋಜನವಿಲ್ಲ. ಮಾತು ಕಳೆದುಕೊಂಡವರ ಪರವಾಗಿ ಗಡಿಯಾರ ನೋಡಿ ಹೊತ್ತನ್ನು ಬರೆದಿಟ್ಟುಕೊಂಡು ಹೊರಡುವುದು ಪಕ್ಕದಲ್ಲಿದ್ದವರ ಕೆಲಸ. ಮೊದಲ ಔಷಧ ಅವರ ಕೈಯಲ್ಲಿದೆ.